ಬಾಲಂಗೋಚಿ ಸಾಹೇಬರ ಕೋಟು

ಮಾರ್ಚ್ ೯, ಸೋಮವಾರ

ಮಗಳೇ,

ಆಶೀರ್ವಾದ ಮೊದಲು, ಬೈಗುಳ ಆಮೇಲೆ. ಆಶೀರ್ವಾದ ಮುಗಿಯಿತು.

ನಿನ್ನ ಪಾರ್ಸೆಲು ಶನಿವಾರವೇ ಬಂತು. ನಿಮ್ಮಪ್ಪನ ಜೀವನಚರಿತ್ರೆಯ ಪ್ರೂಫು, ಪ್ರತಿಮೆಯ ಫೋಟೊ, ಅನಾವರಣದ ದಿನ ನಾನು ಮೈಕಿನ ಮುಂದೆ ಹೇಳಬೇಕಾದ ಮಾತನ್ನು ದಪ್ಪ ಅಕ್ಷರದಲ್ಲಿ ಟೈಪು ಮಾಡಿಸಿದ ಚೀಟಿ, ಎಲ್ಲವೂ ತಲುಪಿದವು. ಸಿಟ್ಟಿನಲ್ಲಿ ಬರೆದರೆ ಅಕ್ಷರ ಕೆಡುತ್ತದೆ ಎಂದು ನಿನ್ನೆಯೆಲ್ಲ ಕಾದೆ. ಸಿಟ್ಟು ಇಳಿಯಲಿಲ್ಲ. ಅಕ್ಷರ ಕೆಟ್ಟರೆ ಕೆಡಲಿ.

ಚೀಟಿಯಲ್ಲಿರುವುದು ಒಂದೇ ವಾಕ್ಯ: "ನನ್ನ ಪತಿ ಜೀವಮಾನದಲ್ಲಿ ಒಂದು ಹೆಜ್ಜೆಯನ್ನೂ ಹಿಂದಿಟ್ಟವರಲ್ಲ." ಇದನ್ನೇ ಪ್ರತಿಮೆಯ ಪೀಠದ ಮೇಲೂ ಕೆತ್ತಿಸುತ್ತಿದ್ದೀರಂತೆ. ಬಾಯಿಪಾಠ ಮಾಡಿಕೋ ಅಮ್ಮ, ಹೇಳಿ ಹಗ್ಗ ಎಳೆದುಬಿಡು, ಅಷ್ಟೇ ಕೆಲಸ ಎಂದು ಬರೆದಿದ್ದೀಯ. ನಾನು ಬರದೇ ಹೋದರೆ ಅಷ್ಟು ಜನರ ಮುಂದೆ ನಿನ್ನ ತಲೆ ತಗ್ಗುತ್ತದೆ ಎಂದೂ ಬರೆದಿದ್ದೀಯ. ನಾನು ಓದಿದ್ದು ಹೈಸ್ಕೂಲಿನ ತನಕ. ಅಲ್ಲಿ ಬಾಯಿಪಾಠ ಬೇಕಾದಷ್ಟು ಮಾಡಿದ್ದೇನೆ. ಆದರೆ ನನ್ನ ಗಂಡನ ಬಗ್ಗೆ ಬೇರೆಯವರು ಬರೆದುಕೊಟ್ಟ ಸುಳ್ಳನ್ನು ಈ ವಯಸ್ಸಿನಲ್ಲಿ ಗಿಣಿಯ ಹಾಗೆ ಒಪ್ಪಿಸಲಾರೆ.

ಪ್ರತಿಮೆ ಸಮಿತಿಯ ಅಧ್ಯಕ್ಷರು ನಿನ್ನ ಮಾವನವರು. ಅದಕ್ಕೇ ಇಷ್ಟು ದಿನ ನಾಲಿಗೆ ಕಚ್ಚಿಕೊಂಡಿದ್ದೆ. ಅವರೂ ಸೈನ್ಯದಲ್ಲಿದ್ದವರು, ನಿಮ್ಮಪ್ಪನ ಕೈಕೆಳಗೆ ಕೆಲಸ ಮಾಡಿದವರು. ಕೋಲೂರಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದು ಪ್ರತಿಮೆಗೆ ಜಾಗ ಮಂಜೂರು ಮಾಡಿಸಿದ್ದಾರೆ. ಬೀಗರ ಶ್ರಮವನ್ನು ಹೀಗಳೆಯುವಷ್ಟು ಕೃತಘ್ನಳಲ್ಲ ನಾನು. ಆದರೆ "ವೀರರ ಕಥೆಯಲ್ಲಿ ಕಪ್ಪು ಚುಕ್ಕೆ ಯಾಕೆ" ಎಂದು ಅವರು ಅಂದರಂತೆ, ನೀನು ಹೂಂ ಅಂದೆಯಂತೆ. ನಿಮ್ಮಪ್ಪನ ಬದುಕಿನಲ್ಲಿ ಎಲ್ಲಕ್ಕಿಂತ ಬೆಳಗುವ ಜಾಗವನ್ನೇ ನೀವಿಬ್ಬರೂ ಕಪ್ಪು ಚುಕ್ಕೆ ಎಂದುಕೊಂಡಿದ್ದೀರಿ.

ಮೊದಲು ಆ ಪ್ರತಿಮೆಯ ವಿಷಯ. ಒಂದು ಕಾಲು ಮುಂದೆ, ಎದೆ ಉಬ್ಬಿದೆ, ಬಲಗೈ ಮೇಲೆತ್ತಿ ಬೆರಳು ಚಾಚಿದ್ದಾರೆ. ಓಡುತ್ತಿರುವ ಬಸ್ಸನ್ನು ಕೂಗಿ ನಿಲ್ಲಿಸುವ ಹಾಗಿದೆ. ನಮ್ಮ ಕೆಲಸದವಳು ಫೋಟೊ ನೋಡಿ, "ಯಾರಮ್ಮಾ ಇವ್ರು, ನಿಮ್ಮ ಪೈಕಿನಾ?" ಅಂತ ಕೇಳಿದಳು. ಹನ್ನೆರಡು ವರ್ಷ ಅವರಿಗೆ ಕಾಫಿ ತಂದುಕೊಟ್ಟವಳು ಅವಳು.

ನಿಮ್ಮಪ್ಪ ಯಾವತ್ತಾದರೂ ಯಾರ ಮುಂದಾದರೂ ನಡೆದದ್ದನ್ನು ನೀನು ನೋಡಿದ್ದೀಯಾ? ನೆನಪು ಮಾಡಿಕೋ. ಎಲ್ಲಿಗೆ ಹೊರಟರೂ ಬಾಗಿಲ ಪಕ್ಕ ನಿಂತು ಒಬ್ಬೊಬ್ಬರ ಹೆಗಲು ಮುಟ್ಟಿ ಹೊರಗೆ ಕಳಿಸಿ, ತಾವು ಕೊನೆಗೆ ಬಂದು ಬೀಗ ಹಾಕುತ್ತಿದ್ದರು. ಊಟಕ್ಕೂ ಕೊನೆ. ನಮ್ಮ ಮದುವೆಯ ಫೋಟೊದಲ್ಲಿಯೇ ಮದುಮಗ ಯಾರೋ ದೊಡ್ಡಪ್ಪನ ಹಿಂದೆ ನಿಂತು ಅರ್ಧ ಮುಖ ಕಾಣಿಸಿದ್ದಾರೆ. ಸಿನಿಮಾ ಶುರುವಾದ ಮೇಲೆ ನಾವು ಒಳಗೆ ಹೋಗುತ್ತಿದ್ದುದು ಅವರಿಂದಲೇ. "ಈ ಅಪ್ಪ ಯಾವಾಗ್ಲೂ ಲೇಟು" ಎಂದು ನೀನು ಮೂತಿ ತಿರುವುತ್ತಿದ್ದೆ. ಅವರು ನಕ್ಕು, "ನೀನು ಮುಂದಾಳು, ನಡಿ. ನಾನು ಹಿಂದೆ ಇದೀನಿ" ಅನ್ನುತ್ತಿದ್ದರು. ಆಗ ಹೆಗಲ ಮೇಲೆ ಬೀಳುತ್ತಿದ್ದ ಆ ಕೈಯನ್ನು ಬೆರಳು ಚಾಚಿಸಿ ಆಕಾಶಕ್ಕೆ ಎತ್ತಿಸಿಬಿಟ್ಟಿದ್ದೀರಿ.

ಇನ್ನು ಪುಸ್ತಕ. ಮೇಷ್ಟರ ಮಗ ಸೈನ್ಯ ಸೇರಿದ್ದು, ತರಬೇತಿಯಲ್ಲಿ ಪದಕ ಗೆದ್ದದ್ದು, ಎಲ್ಲ ಸರಿಯಾಗಿದೆ. ಯುದ್ಧ ಶುರುವಾಗುತ್ತದೆ, ನಿಮ್ಮಪ್ಪ ಬೆಟ್ಟದ ಮೇಲಿದ್ದಾರೆ. ಪುಟ ತಿರುಗಿಸಿದರೆ ಬಂದರಿನಲ್ಲಿದ್ದಾರೆ, ಗೆದ್ದಿದ್ದಾರೆ, ಜನ ಜಯಕಾರ ಹಾಕುತ್ತಿದ್ದಾರೆ. ನಡುವಿನ ಒಂದು ವರ್ಷ ಎಲ್ಲಿ ಹೋಯಿತು? ಹುಡುಕಿದರೆ ಒಂದು ಸಾಲು ಸಿಕ್ಕಿತು: "ಅನಾರೋಗ್ಯದ ನಿಮಿತ್ತ ಕೆಲಕಾಲ ವಿಶ್ರಾಂತಿಯಲ್ಲಿದ್ದರು." ಅನಾರೋಗ್ಯ! ಆ ಮನುಷ್ಯನಿಗೆ ನೆಗಡಿ ಆದದ್ದನ್ನು ಕೂಡ ನಾನು ಕಂಡಿಲ್ಲ.

ಅದು ನಿನಗೂ ನಾವು ಹೇಳಿಕೊಟ್ಟ ಮಾತು, ಒಪ್ಪುತ್ತೇನೆ. ಮಗುವಿಗೆ ಹೇಳಿದ್ದು ಮಗುವಿನ ಜೊತೆ ಮುಗಿಯಬೇಕಿತ್ತು. ಅದನ್ನು ಅಚ್ಚು ಹಾಕಿಸುತ್ತೀರಿ ಅಂತ ಯಾರಿಗೆ ಗೊತ್ತಿತ್ತು? ಈಗ ಕೇಳು.

ಯುದ್ಧದ ಮೊದಲ ಚಳಿಗಾಲ. ನಿಮ್ಮಪ್ಪ ಆಗ ಬ್ರಿಗೇಡಿಯರ್. ಅವರ ಪಡೆಯನ್ನು ಒಂದು ಬೋಳುಬೆಟ್ಟದ ಮೇಲೆ ಕೂರಿಸಿದ್ದರು. ಮದ್ದುಗುಂಡು ತಳ ಕಂಡಿತ್ತು. ಕೆಳಗಿನ ರಸ್ತೆಯನ್ನು ಶತ್ರು ಇವತ್ತೋ ನಾಳೆಯೋ ಮುಚ್ಚುವುದರಲ್ಲಿದ್ದ. ಆದರೂ ಕೊನೆಯ ಮನುಷ್ಯ ಬೀಳುವ ತನಕ ಬೆಟ್ಟ ಬಿಡಕೂಡದು ಎಂದು ಮೇಲಿನಿಂದ ಅಪ್ಪಣೆ ಬಂತು. ಅಪ್ಪಣೆ ಕೊಟ್ಟವರು ಬೆಚ್ಚಗಿನ ಕೋಣೆಯಲ್ಲಿ ನಕ್ಷೆ ಹರಡಿಕೊಂಡು ಕೂತಿದ್ದರು. ನಿಮ್ಮಪ್ಪ ಅಪ್ಪಣೆ ಮೀರಿದರು. ಮಂಜು ಕವಿದ ಬೆಳಗ್ಗೆ ಗಾಯಾಳುಗಳನ್ನು ಮೊದಲು ಇಳಿಸಿದರು. ಆಮೇಲೆ ಉಳಿದವರನ್ನು ಒಬ್ಬೊಬ್ಬರಾಗಿ ಹೆಗಲು ಮುಟ್ಟಿ ಕಳಿಸಿದರು. ಎಲ್ಲರೂ ಇಳಿದ ಮೇಲೆ ತಾವು ಇಳಿದರು.

ಇದನ್ನು ಅವರು ನನಗೆ ಹೇಳಿದವರಲ್ಲ. ಪಡೆಯ ಅಡುಗೆಯವನು ಮುಂದೆ ಒಮ್ಮೆ ರಜೆಯಲ್ಲಿ ನಮ್ಮನ್ನು ನೋಡಲು ಬಂದಿದ್ದ. ಸುಮ್ಮನೆ ಕೂತು ಗೊತ್ತಿಲ್ಲದ ಮನುಷ್ಯ, ನನ್ನ ಕೈಯಿಂದ ಆಲೂಗಡ್ಡೆ ಬುಟ್ಟಿ ಕಿತ್ತುಕೊಂಡು ಸುಲಿಯುತ್ತಾ ಹೇಳಿದ: "ನಾವು ಸಾಹೇಬ್ರಿಗೆ ಬಾಲಂಗೋಚಿ ಸಾಹೇಬ್ರು ಅಂತ ಹೆಸರಿಟ್ಟಿದ್ವಿ ಅಮ್ಮಾವ್ರೇ, ಬೇಜಾರು ಮಾಡ್ಕೋಬೇಡಿ. ಇಳಿಯೋವಾಗ ಎಲ್ರೂ ತಿರುತಿರುಗಿ ಹಿಂದೆ ನೋಡೋರು. ಸಾಹೇಬ್ರು ಕಂಡ್ರೆ ಸಮಾಧಾನ. ಅವ್ರು ಕಾಣ್ತಿದಾರೆ ಅಂದ್ರೆ ಅವ್ರ ಹಿಂದೆ ನಮ್ಮೋರು ಯಾರೂ ಉಳಿದಿಲ್ಲ ಅಂತ ಲೆಕ್ಕ."

ನನಗೆ ಬೇಜಾರಾಗಲಿಲ್ಲ. ಬಾಲಂಗೋಚಿ ಇಲ್ಲದ ಗಾಳಿಪಟ ಲಾಗ ಹೊಡೆದು ನೆಲಕ್ಕೆ ಬೀಳುತ್ತದೆ ಎಂದು ಮಕ್ಕಳಿಗೂ ಗೊತ್ತು. ನಿನ್ನ ಸಮಿತಿಗೆ ಗೊತ್ತಿಲ್ಲ.

ಅಡುಗೆಯವನು ಇನ್ನೊಂದು ಸಂಗತಿ ಹೇಳಿದ. ಕೊನೆಯ ಸ್ಟ್ರೆಚರ್ ಹೊತ್ತವರಲ್ಲಿ ಒಬ್ಬ ಇಳಿಜಾರಿನಲ್ಲಿ ಕುಸಿದುಬಿದ್ದ. ನಿಮ್ಮಪ್ಪ ತಾವೇ ಹಿಂದಿನ ಹಿಡಿ ಹಿಡಿದು ಕೆಳಗಿನ ತನಕ ಹೊತ್ತರಂತೆ. ಮೇಲೆ ಮಲಗಿದ್ದವನು ಒಬ್ಬ ಕ್ಯಾಪ್ಟನ್, ಮೊಣಕಾಲು ಪುಡಿಯಾಗಿತ್ತು. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತಂತೆ. ನಿಮ್ಮಪ್ಪ ತಮ್ಮ ಕೋಟು ಬಿಚ್ಚಿ ಅವನಿಗೆ ಹೊದಿಸಿದರು. ಆಮೇಲೆ ಆಸ್ಪತ್ರೆಯವರು ಅದನ್ನು ಕಲೆಯ ಸಮೇತ ನಮ್ಮ ಮನೆಗೆ ಕಳಿಸಿದರು. ಆ ಕ್ಯಾಪ್ಟನ್‌ನ ವಿಷಯ ಮುಂದೆ ಬರುತ್ತದೆ.

ಇಷ್ಟು ಜನರನ್ನು ಜೀವಸಹಿತ ತಂದದ್ದಕ್ಕೆ ಸಿಕ್ಕ ಬಹುಮಾನ ವಿಚಾರಣೆ. ಆ ದಿನ ನಾನೂ ಹೋಗಿದ್ದೆ. ಒಳಗೆ ಬಿಡಲಿಲ್ಲ. ಪಡಸಾಲೆಯಲ್ಲಿ ಒಂದು ಬೆಂಚು ಇತ್ತು, ಒಂದು ಕಾಲು ಗಿಡ್ಡ, ಅಲುಗಿದರೆ ಕಿರ್ ಅನ್ನುತ್ತಿತ್ತು. ನೀನು ನನ್ನ ತೊಡೆಯ ಮೇಲೆ. ಇನ್ನೂ ನಡಿಗೆ ಬಂದಿರಲಿಲ್ಲ ನಿನಗೆ. ಸೆಕೆಗೆ ಬಾಗಿಲು ತೆರೆದಿಟ್ಟಿದ್ದರು, ಒಳಗಿನ ಮಾತು ಕೇಳುತ್ತಿತ್ತು. ಬೆಟ್ಟ ಯಾಕೆ ಬಿಟ್ಟಿರಿ ಎಂದು ಗದರಿಸಿ ಕೇಳಿದರು. ನಿಮ್ಮಪ್ಪ ಊಟಕ್ಕೆ ಏನು ಮಾಡಿದ್ದೀಯ ಎಂದು ಕೇಳುವ ದನಿಯಲ್ಲಿ, "ಬೆಟ್ಟ ನಾಳೆನೂ ಅಲ್ಲೇ ಇರತ್ತೆ ಸರ್. ಹುಡುಗರು ಇರ್ತಿರಲಿಲ್ಲ" ಅಂದರು.

ಆಮೇಲೆ ಆ ಕ್ಯಾಪ್ಟನ್ನನ್ನು ಕರೆದರು. ಊರುಗೋಲಿನ ಮೇಲೆ ಬಂದ. ಇನ್ನೂ ಕೆಲವು ದಿನ ಬೆಟ್ಟ ಹಿಡಿದು ನಿಲ್ಲಬಹುದಾಗಿತ್ತು, ಬ್ರಿಗೇಡಿಯರ್ ಸಾಹೇಬರು ಅವಸರಪಟ್ಟರು ಎಂದು ಹೇಳಿದ. ಸ್ಟ್ರೆಚರಿನ ಮೇಲೆ ಬಂದವನು, ಹೊತ್ತವರ ಎದುರಿಗೇ! ಹೊರಗೆ ಬಂದಾಗ ನನ್ನ ಮುಖ ನೋಡಲಿಲ್ಲ. ನೀನು ಕೈ ಚಾಚಿ ಅವನ ಊರುಗೋಲು ಹಿಡಿದುಕೊಂಡೆ. ಬಿಡಿಸಿಕೊಳ್ಳಲು ಆಗದೆ ನಿಂತಿದ್ದ. ನಾನೇ ನಿನ್ನ ಬೆರಳು ಬಿಡಿಸಿದೆ.

ಮನೆಗೆ ಬಂದು ನಾನು ಬಾಯಿಗೆ ಬಂದದ್ದು ಅಂದೆ. ನಿಮ್ಮಪ್ಪ ಬೂಟಿನ ದಾರ ಬಿಚ್ಚುತ್ತಾ ಹೇಳಿದ್ದು ಇಷ್ಟೇ: "ಹಾಗೆ ಹೇಳದೇ ಇದ್ರೆ ಅವನ ಕೆಲಸ ಹೋಗ್ತಿತ್ತು ಕಣೇ. ಮುರಿದ ಕಾಲು, ಮನೇಲಿ ನಮ್ಮ ಕೂಸಿನಷ್ಟೇ ಇರೋ ಗಂಡುಮಗು. ಅವನನ್ನ ಇಲ್ಲೀತನಕ ಹೊತ್ತು ತಂದಿದೀನಿ, ಈಗ ಕೈ ಬಿಡಲಾ?" ಆ ಹೆಸರು ನನ್ನ ಬಾಯಿಂದ ಯಾವತ್ತೂ ಹೊರಗೆ ಬರಕೂಡದು ಎಂದು ಮಾತು ತೆಗೆದುಕೊಂಡರು. ಕೊಟ್ಟ ಮಾತು ಕೊಟ್ಟಿದ್ದೇ. ನೀನು ಕೇಳಿದರೂ ಹೇಳುವುದಿಲ್ಲ.

ನಿಮ್ಮಪ್ಪನನ್ನು ಉಗ್ರಾಣ ಕಾಯಲು ಹಾಕಿದರು. ಸೈನ್ಯಕ್ಕೆ ಹಿಟ್ಟು, ಬೇಳೆ, ಕಂಬಳಿ ಹೋಗುವ ಗೋದಾಮು. ಪಕ್ಕದಲ್ಲೇ ತಗಡಿನ ಮಾಡಿನ ಮನೆ. ನಿನ್ನೆ ಮೊನ್ನೆಯ ತನಕ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ ಆಫೀಸರರ ಹೆಂಡಂದಿರು ಅಂಗಡಿಯಲ್ಲಿ ನನಗೆ ಬೆನ್ನು ಹಾಕಿದರು. "ಬೇಗ ಸಾಮಾನು ಕೊಟ್ಟು ಕಳಿಸಪ್ಪಾ, ಇವರ ಮನೇಲಿ ಓಡೋದು ಅಭ್ಯಾಸ" ಎಂದು ಒಬ್ಬಳು ನಕ್ಕಳು. "ಓಡಿ ಬಂದವರ ಜೊತೆ ನಿಮ್ಮ ತಮ್ಮನೂ ಬಂದ ನೋಡಿ. ಅವನನ್ನ ವಾಪಸ್ ಬೆಟ್ಟಕ್ಕೆ ಕಳಿಸಿ, ಆಮೇಲೆ ನಗಿ" ಎಂದೆ. ಅಂದಿನಿಂದ ಅಂಗಡಿಯಲ್ಲಿ ನನಗೆ ದಾರಿ ಬಿಡುತ್ತಿದ್ದರು.

ನೀನು ನಡೆಯಲು ಕಲಿತದ್ದು ಆ ಗೋದಾಮಿನಲ್ಲಿ, ಗೋಣಿಚೀಲಗಳ ಸಾಲಿನ ನಡುವೆ. ನಿಮ್ಮಪ್ಪ ಬಗ್ಗಿ ನಿನ್ನ ಹಿಂದೆ ಹಿಂದೆ ಬರುತ್ತಿದ್ದರು, ಎರಡು ಕೈ ನಿನ್ನ ಹೆಗಲ ಹತ್ತಿರ, ಮುಟ್ಟಿಯೂ ಮುಟ್ಟದ ಹಾಗೆ. ಮುಂದಾಳು ಎಂಬ ಹೆಸರು ಬಂದದ್ದು ಆಗ. ಇದನ್ನು ನೀವು "ವಿಶ್ರಾಂತಿ" ಎಂದು ಬರೆದಿದ್ದೀರಿ.

ಮರುವರ್ಷ ಶತ್ರು ಬಂದರಿನ ಬಾಗಿಲಿಗೆ ಬಂದಾಗ ಮೇಲಿನವರಿಗೆ ಬೆವರು ಕಿತ್ತುಕೊಂಡಿತು. ಬೆಟ್ಟದಿಂದ ಇಳಿದು ಬಂದ ಪಡೆಯನ್ನು ಬಿಟ್ಟರೆ ಯುದ್ಧ ಕಂಡ ಪಡೆ ಬೇರೆ ಉಳಿದಿರಲಿಲ್ಲ. ಅವರೋ, ಸಾಹೇಬರು ಬಂದರೆ ನಿಲ್ಲುತ್ತೇವೆ ಎಂದರಂತೆ. ಜೀಪು ನಮ್ಮ ತಗಡಿನ ಮನೆಯ ಮುಂದೆ ಬಂದು ನಿಂತಿತು. ನಿಮ್ಮಪ್ಪ ಹಿಟ್ಟಿನ ಧೂಳು ಕೊಡವಿಕೊಂಡು ಹತ್ತಿ ಹೋದರು. ಬಂದರು ಉಳಿಯಿತು, ಪದಕ ಬಂತು, ಮುಂದೆ ಜನರಲ್ ಆದರು, ರಸ್ತೆಗೆ ಹೆಸರಿಟ್ಟರು. ಆ ಹುಡುಗರನ್ನು ಬೆಟ್ಟದ ಮೇಲೆ ಸಾಯಲು ಬಿಟ್ಟಿದ್ದರೆ ಬಂದರು ಕಾಯಲು ಯಾರು ಬರುತ್ತಿದ್ದರು, ನಿನ್ನ ಸಮಿತಿಯೇ? ಹಿಂದೆ ಬಂದದ್ದರಿಂದಲೇ ಗೆದ್ದರು. ಅದನ್ನು ಒರೆಸಿದರೆ ಉಳಿಯುವುದು ಬಸ್ಸಿಗೆ ಕೈ ತೋರಿಸುವ ಗೊಂಬೆ.

ಕೊನೆಗೆ ಕೋಟಿನ ಮಾತು. ಗಾಜಿನ ಪೆಟ್ಟಿಗೆಯಲ್ಲಿ ಇಡಲು ಅದನ್ನು ಕಳಿಸು ಎಂದಿದ್ದೀಯ. ಅದರ ಮೇಲಿನ ಕಲೆ ಜನರಲ್ ಸಾಹೇಬರ ರಕ್ತ ಎಂದು ಪಕ್ಕದಲ್ಲಿ ಬರೆಯಿಸಬೇಕು ಎಂಬುದು ನಿನ್ನ ಮಾವನವರ ಸಲಹೆಯಂತೆ. ನಿಮ್ಮಪ್ಪನ ಮೈಗೆ ಒಂದು ಗುಂಡೂ ತಾಗಲಿಲ್ಲ. ಅವರಿಗೆ ಸ್ನಾನಕ್ಕೆ ನೀರು ಕಾಯಿಸಿಕೊಟ್ಟವಳು ನಾನು. ನನಗೆ ಗೊತ್ತಿಲ್ಲದ ಗಾಯ ಸಮಿತಿಗೆ ಹೇಗೆ ಗೊತ್ತಾಯಿತು?

ಕಡ್ಡಿ ಮುರಿದ ಹಾಗೆ ಹೇಳುತ್ತೇನೆ. ಪೀಠದ ಮೇಲಿನ ಸಾಲನ್ನು ಕೆತ್ತಿಸಿದ್ದರೆ ಅಳಿಸಿ. ಬಿಟ್ಟುಹೋದ ವರ್ಷವನ್ನು ಪುಸ್ತಕಕ್ಕೆ ಸೇರಿಸಿ, ವಿಚಾರಣೆ, ಉಗ್ರಾಣ, ತಗಡಿನ ಮನೆ ಎಲ್ಲದರ ಸಮೇತ. ಕ್ಯಾಪ್ಟನ್‌ನ ಹೆಸರು ಬೇಡ. ಇಷ್ಟು ಮಾಡಿದರೂ ಬರುತ್ತೇನೆ, ಮಾಡದಿದ್ದರೂ ಬರುತ್ತೇನೆ. ನನ್ನ ಗಂಡನ ಪ್ರತಿಮೆಯ ಹಗ್ಗವನ್ನು ಬೇರೆ ಯಾರ ಕೈಗೂ ಕೊಡುವುದಿಲ್ಲ. ಬಂದು ಹೇಳುವ ಮಾತನ್ನು ನಾನೇ ಬರೆದುಕೊಂಡಿದ್ದೇನೆ, ಬಾಯಿಪಾಠವೂ ಆಗಿದೆ:

"ನನ್ನ ಗಂಡ ಹಿಂದೆ ಬಂದರು. ಎಲ್ಲರಿಗಿಂತ ಹಿಂದೆ ಬಂದರು."

ಮೈಕು ಆರಿಸಿದರೆ ಕೂಗಿ ಹೇಳುತ್ತೇನೆ. ನನ್ನ ಗಂಟಲು ಇನ್ನೂ ಗಟ್ಟಿ ಇದೆ.

ಮೈ ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಿಯಂದಿರಿಗೆ ಆಶೀರ್ವಾದ.

ನಿನ್ನ ಅಮ್ಮ,
ಬಾಲಂಗೋಚಿ ಸಾಹೇಬರ ಹೆಂಡತಿ

ತಾ.ಕ.: ಕೋಟು ಕಳಿಸಿದ್ದೇನೆ, ಕಲೆ ತೊಳೆದಿಲ್ಲ. ಅದನ್ನು ಸಮಿತಿಗೆ ಕೊಡಬೇಡ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ನಿನ್ನ ಮಾವನವರ ಕೈಗೆ ಕೊಡು. ಕೊಟ್ಟು ಈ ಕಾಗದವನ್ನು ಅವರಿಗೆ ಓದಿ ಹೇಳು, ಒಂದು ಸಾಲೂ ಬಿಡದೆ. ಊರುಗೋಲಿನ ಜಾಗ ಬಂದಾಗ ಅವರ ಮುಖ ನೋಡಬೇಡ, ಕಿಟಕಿಯ ಕಡೆ ನೋಡು. ನಿನ್ನ ಮದುವೆ ನಿಶ್ಚಯವಾದ ದಿನ ನಾನು ಊಟ ಬಿಟ್ಟದ್ದು ಹುಡುಗನ ಮೇಲಿನ ಸಿಟ್ಟಿಗಲ್ಲ ಎಂದು ಈಗ ಗೊತ್ತಾಗಿರಬೇಕು. ಆಗಲೂ ನಿಮ್ಮಪ್ಪ, "ಆ ಗಂಡುಮಗು ಏನು ಮಾಡಿತ್ತೇ?" ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದ್ದರು. ನಾನು ಹೆಸರು ಬರೆದಿಲ್ಲ, ಕೊಟ್ಟ ಮಾತು ಮುರಿದಿಲ್ಲ. ಕೋಟಿನ ಜೊತೆ ಒಂದು ಬಾಟಲಿ ಎಣ್ಣೆ ಇಟ್ಟಿದ್ದೇನೆ. ಅಲೆದಾಡಿ ಅವರ ಮೊಣಕಾಲು ನೋಯುತ್ತಿರಬೇಕು, ಬೆಚ್ಚಗೆ ಮಾಡಿ ಹಚ್ಚು.