ಮುಕ್ಕಾಲು ಕಿಲೋ ಕುಚ್ಚಲಕ್ಕಿ

ಸಲ್ವಾ, ಕುವೈತ್
14 ನವೆಂಬರ್ 2024, ಗುರುವಾರ

ಪ್ರೀತಿಯ ಲಿಜ್ಜಿ,

ಈಗ ಇಲ್ಲಿ ಸಂಜೆ ಐದೂವರೆ. ಅಲ್ಲಿ ಎಂಟು ಆಗಿರಬೇಕು. ಕ್ಲಬ್ಬಿನಿಂದ ಬಂದು ಸ್ನಾನ ಮಾಡಿ ಕೂತಿದ್ದೇನೆ. ಇವತ್ತು ಹೊಸದಾಗಿ ಕಲಿಯುವ ಹೆಂಗಸರು ಬಂದಿದ್ದರು. ಅವರಿಗೆ ಪಿಸ್ತೂಲು ಕೊಟ್ಟೆ, ಅವರಿಂದ ತಿರುಗಿ ತೆಗೆದುಕೊಂಡೆ, ಒರೆಸಿ, ಎಣ್ಣೆ ಹಾಕಿ, ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಮಧ್ಯಾಹ್ನ ತಂದ ಚಪಾತಿ ತಿಂದೆ. ದಿನ ಅಷ್ಟೇ.

ನಿನ್ನ ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚುತ್ತಿದ್ದೀಯಾ, ಅಥವಾ ಬಾಟಲಿ ಕಿಟಕಿಯಲ್ಲೇ ಇದೆಯಾ? ವೆನಿಸ್ಸಾ ನಿದ್ದೆಯಲ್ಲಿ ಬೆಚ್ಚಿ ಏಳುವುದು ಕಡಿಮೆಯಾಯಿತೇ? ಅವಳಿಗೆ ಶಾಲೆಯಿಂದ ಬಂದ ಕೂಡಲೇ ಏನಾದರೂ ತಿನ್ನಲು ಕೊಡು, ಹಸಿದ ಮಕ್ಕಳಿಗೆ ಹೆದರಿಕೆ ಜಾಸ್ತಿ. ರೂಬೆನ್‌ನ ಹಡಗು ಈಗ ಯಾವ ಬಂದರಿನಲ್ಲಿದೆ? ಗಂಡ ಹತ್ತಿರವಿಲ್ಲದ ಮನೆಯಲ್ಲಿ ಸಂಜೆ ಬೇಗ ಆಗುತ್ತದೆ, ಅದು ನನಗೂ ಗೊತ್ತು. ನನ್ನ ವಿಷಯ ಕೇಳುವುದಾದರೆ ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಅಳು ಮಾತ್ರ ಬರುವುದಿಲ್ಲ. ಫೋನಿನಲ್ಲಿ ನೀನು ಅಳುತ್ತೀ, ನಾನು ಸುಮ್ಮನಿರುತ್ತೇನೆ. ನನಗೆ ನಿನ್ನ ಮೇಲೆ ಕೋಪವೆಂದು ನೀನು ತಿಳಿದುಕೊಳ್ಳುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಮನೆಯಲ್ಲಿ ಮಾತಾಡಿದ್ದು ಕೊಂಕಣಿಯಾದರೂ ನಮ್ಮಿಬ್ಬರ ಕೈ ಪಳಗಿದ್ದು ಕನ್ನಡ ಶಾಲೆಯಲ್ಲಿ. ನನ್ನ ಮಗ ಡಿಯೋನ್ ಚಿಕ್ಕವನಾಗಿ ನಿನ್ನ ಹತ್ತಿರ ಇದ್ದಾಗ ಅವನ ಸುದ್ದಿಯನ್ನೆಲ್ಲ ನೀನು ಕನ್ನಡದಲ್ಲೇ ಬರೆದು ಕಳಿಸುತ್ತಿದ್ದೆ. ಹಲ್ಲು ಬಿದ್ದದ್ದು, ಸೈಕಲ್ಲಿನಿಂದ ಬಿದ್ದದ್ದು. ಆ ಕಾಗದಗಳು ಇಲ್ಲೇ ಇವೆ.

ನಿನಗೆ ಲೈಸೆನ್ಸ್ ಮಂಜೂರಾದ ಸುದ್ದಿಯೂ ಅಂಗಡಿಯವರು ಕೊಟ್ಟ ಎರಡು ಪಿಸ್ತೂಲುಗಳ ಫೋಟೊಗಳೂ ತಲುಪಿದವು. ‘ಅಕ್ಕಾ, ನಿನಗೆ ಇದರ ಕೆಲಸವೇ ಅಲ್ಲವಾ, ಎರಡರಲ್ಲಿ ಯಾವುದು ಹೇಳು’ ಎಂದು ಕೇಳಿದ್ದೀ. ನನಗೆ ಇದರ ಕೆಲಸ ಎನ್ನುವುದು ಅರ್ಧ ನಿಜ. ಕೌಂಟರಿನ ಈಚೆ ಇರುವವರೆಗೆ ನಾನು ಅವುಗಳನ್ನು ಬಿಚ್ಚಿ ಜೋಡಿಸಬಹುದು, ಕೌಂಟರು ದಾಟಿ ಆಚೆ ಹೋದರೆ ನಮ್ಮಂಥವರಿಗೆ ಖಲಾಸ್, ಮುಟ್ಟುವಂತಿಲ್ಲ. ಗುರಿಯಿಟ್ಟು ಹೊಡೆಯಲು ನನಗೆ ಬರುವುದಿಲ್ಲ. ಆದರೆ ಹೆಂಗಸರ ವಿಭಾಗದಲ್ಲಿ ಇಷ್ಟು ವರ್ಷ ನಿಂತಿದ್ದೇನೆ, ಯಾರ ಕೈಗೆ ಯಾವುದು ಕೂರುತ್ತದೆ, ಕೂರುವುದಿಲ್ಲ ಎಂಬುದನ್ನು ನೋಡಿದ್ದೇನೆ. ಅಷ್ಟನ್ನು ಹೇಳುತ್ತೇನೆ.

ಅಂಗಡಿಯವರು ಚಿಕ್ಕದನ್ನೇ ತೆಗೆದುಕೊಳ್ಳಿ, ಲೇಡೀಸ್ ಬ್ಯಾಗಿನಲ್ಲಿ ಹಿಡಿಸುತ್ತದೆ, ಯಾರಿಗೂ ಕಾಣುವುದಿಲ್ಲ ಎಂದರಂತೆ. ಇಲ್ಲಿಗೆ ಬರುವವರೂ ಮೊದಲು ಚಿಕ್ಕದಕ್ಕೇ ಕೈ ಹಾಕುತ್ತಾರೆ, ಆಟಿಕೆಯ ಹಾಗೆ ಚಂದ ಕಾಣುತ್ತದೆ. ಹೊಡೆದ ಮೇಲೆ ಮುಖ ಬದಲಾಗುತ್ತದೆ. ಹಿಡಿ ಗಿಡ್ಡವಾದ್ದರಿಂದ ಕಿರುಬೆರಳಿಗೆ ಜಾಗವಿರುವುದಿಲ್ಲ, ಒಂದೊಂದು ಗುಂಡಿಗೂ ಅದು ಅಂಗೈಯಲ್ಲಿ ಮೀನಿನ ಹಾಗೆ ಒದ್ದಾಡುತ್ತದೆ. ಇನ್ನೊಂದು, ಮೇಲಿನ ಸ್ಲೈಡು. ಇಂಥ ಪಿಸ್ತೂಲಿನಲ್ಲಿ ಒಂದು ಗುಂಡು ಹಾರಿದೊಡನೆ ಮುಂದಿನದು ತಾನಾಗಿ ಬಂದು ಕೂರುತ್ತದೆ, ಆದರೆ ಮೊದಲನೆಯದನ್ನು ಕೂರಿಸಲು ಆ ಸ್ಲೈಡನ್ನು ನೀನೇ ಹಿಂದಕ್ಕೆ ಎಳೆದು ಬಿಡಬೇಕು. ಚಿಕ್ಕದರಲ್ಲಿ ಸ್ಪ್ರಿಂಗ್ ಬಿಗಿ, ಹಿಡಿಯಲು ಜಾಗ ಕಡಿಮೆ. ಮೀನು ಕೊಯ್ದು ಕೈ ತೊಳೆದು ಬಂದ ಹೆಂಗಸಿನ ಕೈಯಲ್ಲಿ ಅದು ಜಾರುತ್ತದೆ. ಹಾಗಾಗಿ ಎರಡರಲ್ಲಿ ದೊಡ್ಡದು. ಆದರೂ ಫೋಟೊ ನೋಡಿ ದುಡ್ಡು ಕೊಡಬೇಡ. ಅಂಗಡಿಯಲ್ಲಿ ಖಾಲಿ ಪಿಸ್ತೂಲು ಕೇಳಿ ಕೈಯಲ್ಲಿ ಹಿಡಿ. ಕಿರುಬೆರಳೂ ಸೇರಿ ಮೂರು ಬೆರಳು ಹಿಡಿಯ ಮೇಲೆ ಕೂರಬೇಕು, ಟ್ರಿಗರಿಗೆ ತೋರುಬೆರಳ ತುದಿಯ ಮೆತ್ತನೆಯ ಭಾಗ ತಲುಪಬೇಕು, ಸ್ಲೈಡು ಎಳೆಯುವಾಗ ಹಲ್ಲು ಕಚ್ಚುವ ಹಾಗಾಗಬಾರದು. ಅವರು ‘ಅಭ್ಯಾಸವಾದರೆ ಸರಿಯಾಗುತ್ತದೆ ಮೇಡಂ’ ಎಂದರೆ ಎದ್ದು ಬಾ. ಚಪ್ಪಲಿ ಅಂಗಡಿಯವರೂ ಹಾಗೇ ಹೇಳುತ್ತಾರೆ.

ಬ್ಯಾಗಿನಲ್ಲಿ ಇಡಬೇಡ. ಕೀ, ಜಪಮಾಲೆ, ವಿಕ್ಸ್, ಮೀನಿನ ಮಾರ್ಕೆಟಿನ ಚೀಟಿ, ಇವುಗಳ ಅಡಿಯಲ್ಲಿ ಪಿಸ್ತೂಲು ಹುಡುಕುತ್ತಾ ನಿಲ್ಲುವ ಹೊತ್ತು ಅದಲ್ಲ. ಬ್ಯಾಗು ಕಿತ್ತುಕೊಂಡರೆ ಪಿಸ್ತೂಲೂ ಅವರದೇ. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಚರ್ಮದ ಕವರು ಸಿಗುತ್ತದೆ, ಬೆಲ್ಟಿಗೆ ಸಿಕ್ಕಿಸಿ ಸೊಂಟದಲ್ಲಿ, ಬಟ್ಟೆಯ ಒಳಗೆ. ಇಷ್ಟು ಬರೆದ ಮೇಲೆ ನನಗೆ ನೀನು ಕಣ್ಣ ಮುಂದೆ ಬಂದೆ. ಬೆಳಿಗ್ಗೆಯಿಂದ ನೈಟಿ, ಹೆಗಲಿಗೊಂದು ಟವೆಲು. ನೈಟಿಗೆ ಬೆಲ್ಟು ಎಲ್ಲಿ ಕಟ್ಟುತ್ತೀ ಲಿಜ್ಜಿ? ಕ್ಲಬ್ಬಿನ ವ್ಯಾನು ಓಡಿಸುವ ದೇರಳಕಟ್ಟೆಯ ಅಶ್ಕರನಿಗೆ ಈ ಮಾತು ಹೇಳಿದ್ದೆ. ‘ಗರ್ಟ್ರೂಡಕ್ಕ, ನಿಮ್ಮ ತಂಗಿ ಕೈಗೆ ಪಿಸ್ತೂಲ್ ಬಂದ್ರೆ ರೂಬೆನ್ ಭಾಯಿ ಹಡಗಿನಿಂದ ಇಳಿಯುವ ಮುಂಚೆಯೇ ಫೋನ್ ಮಾಡಿ ಪರ್ಮಿಶನ್ ಕೇಳ್ಬೇಕಾದೀತು ಮಾರ್ರೆ’ ಎಂದ. ವ್ಯಾನಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕಿರಬೇಕು, ಕನ್ನಡಿಯಲ್ಲಿ ನನ್ನ ಹಲ್ಲು ಕಂಡಿತು.

ನಮ್ಮಲ್ಲಿ ಒಂದು ಕ್ರಮವಿದೆ, ಅದನ್ನು ನೀನು ಮನೆಯಲ್ಲೂ ಮಾಡಬೇಕು. ಪಿಸ್ತೂಲು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ ಗುಂಡು ತುಂಬಿಸುವ ಮ್ಯಾಗಜಿನ್ ತೆಗೆದು, ಸ್ಲೈಡನ್ನು ಹಿಂದಕ್ಕೆ ನಿಲ್ಲಿಸಿ, ಒಳಗೆ ಗುಂಡು ಕೂರುವ ಗೂಡು ಕಾಣುವ ಹಾಗೆ ಹಿಡಿಯುತ್ತೇವೆ. ಕೊಡುವವಳು ನೋಡಿ ‘ಫಾದಿ’ ಎನ್ನಬೇಕು, ಖಾಲಿ ಎಂದು. ತೆಗೆದುಕೊಳ್ಳುವವಳು ತನ್ನ ಕಣ್ಣಿನಿಂದಲೇ ನೋಡಿ ‘ಫಾದಿ’ ಎನ್ನಬೇಕು. ಒಬ್ಬಳು ನೋಡಿದರೆ ನೋಡಿದ ಲೆಕ್ಕಕ್ಕಿಲ್ಲ. ಮ್ಯಾಗಜಿನ್ ತೆಗೆದ ಮಾತ್ರಕ್ಕೆ ಖಾಲಿ ಎಂದು ತಿಳಿಯುವವರೇ ಜಾಸ್ತಿ, ಒಂದು ಗುಂಡು ಗೂಡಿನಲ್ಲಿ ಕೂತೇ ಇರುತ್ತದೆ. ಕಲಿಸುವ ನೌರಾ ಅಬ್ಲಾ ದಿನಕ್ಕೆ ನೂರು ಸಲ ಕೂಗುತ್ತಾಳೆ: ‘ಶೂಫ್ ಅವ್ವಲ್, ಬಾದೇನ್ ಈದ್.’ ಮೊದಲು ಕಣ್ಣು, ಆಮೇಲೆ ಕೈ. ವೆನಿಸ್ಸಾ ಇರುವ ಮನೆ, ಸೊಂಟದಲ್ಲಿ ಇಲ್ಲದಾಗ ಅದು ಬೀಗದೊಳಗೆ ಇರಬೇಕು, ಕೀ ನಿನ್ನ ಮೈಮೇಲೆ. ದೇವರ ಅಲ್ತಾರಿನ ಹಿಂದೆ ಅಲ್ಲ, ಅಕ್ಕಿ ಡಬ್ಬದಲ್ಲಿ ಅಲ್ಲ. ಪಪ್ಪನ ಕೋವಿ ನೆನಪಿದೆಯಾ? ಪ್ರತಿ ಚುನಾವಣೆಗೂ ಅದನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದು ಠಾಣೆಯಲ್ಲಿ ಇಟ್ಟು ಬರುತ್ತಿದ್ದರು, ಒಮ್ಮೆ ಕಂಡಕ್ಟರ್ ಹಾರೆಯೆಂದು ತಿಳಿದು ಲಗೇಜ್ ಟಿಕೆಟ್ ಹರಿದ. ನೀನೂ ಚುನಾವಣೆಗೆ ಕೊಟ್ಟು ಬರಬೇಕಾಗುತ್ತದೆ. ಅದಿಲ್ಲದ ಆ ವಾರಗಳಲ್ಲಿ ಹೇಗೆ ಇರುತ್ತೀ ಎಂಬುದನ್ನು ಈಗಲೇ ಯೋಚಿಸು.

ಈಗ ಆ ಸಂಜೆಯ ವಿಷಯ. ನೀನು ಪೊಲೀಸರಿಗೆ ಹೇಳುವಾಗ ಪಕ್ಕದಲ್ಲಿ ಕೂತು ಒಂದು ಸಲ ಕೇಳಿದ್ದೇನೆ, ಆಮೇಲೆ ನಾವಿಬ್ಬರೂ ಮಾತಾಡಿಲ್ಲ. ನನ್ನ ಕೈಯಿಂದ ಬರೆದು ನೋಡುತ್ತೇನೆ. ಕರೆಸ್ಮಾದ ಉಪವಾಸದ ದಿನಗಳು, ಏಳೂವರೆ, ನೀವು ಮೂವರೂ ಜಪಮಾಲೆ ಹಿಡಿದು ತೆರ್ಸ್‌ಗೆ ಕೂತಿದ್ದಿರಿ. ಅಲ್ತಾರಿನ ಕಡೆ ಮುಖ, ಬಾಗಿಲಿಗೆ ಬೆನ್ನು. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಹಾಗೇ. ಪ್ರಾರ್ಥನೆ ಮುಗಿಯುವ ತನಕ ಬಾಗಿಲಿಗೆ ಚಿಲಕ ಹಾಕುವ ಪದ್ಧತಿಯೂ ಇಲ್ಲ, ನೆರೆಯವರು ಯಾರಾದರೂ ಬಂದು ಹಿಂದೆ ಮೊಣಕಾಲೂರಿ ಸೇರಿಕೊಳ್ಳುತ್ತಾರೆ. ಅಂದು ಗಾಳಿಗೆ ಬಡಿಯುತ್ತದೆಂದು ನೀನು ಚಿಲಕ ಹಾಕಿದ್ದೆ. ಯಾರೋ ತಟ್ಟಿದರು. ನಿನ್ನ ಬಾಯಲ್ಲಿ ನಮಾನ್ ಮರಿಯೆ ಜಪ ಇತ್ತು, ಯಾರು ಎಂದು ಕೇಳಲಿಲ್ಲ, ಡಿಯೋನ್ ಕಡೆ ನೋಡಿ ಗದ್ದ ಎತ್ತಿದೆ. ಅವನು ಎದ್ದು ತೆರೆದ. ಇಬ್ಬರು. ಒಬ್ಬನ ಕೈಯಲ್ಲಿ ಕಬ್ಬಿಣದ ರಾಡು. ಅವನು ಡಿಯೋನ್‌ನ ತಲೆಗೆ ಒಂದೇ ಏಟು ಹೊಡೆದದ್ದು. ನಿನ್ನ ಕರಿಮಣಿ ಕಿತ್ತುಕೊಂಡು ಓಡಿದರು. ಒಬ್ಬ ಸಿಕ್ಕಿದ, ಒಬ್ಬ ಇನ್ನೂ ಸಿಕ್ಕಿಲ್ಲ. ಸಿಗದವನು ತಿರುಗಿ ಬರುತ್ತಾನೆಂದು ನಿನಗೆ ಹೆದರಿಕೆ. ವೆನಿಸ್ಸಾಳನ್ನು ನೋಡಿದರೆ ಆ ಹೆದರಿಕೆ ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಬರೆದೆ. ಕ್ಲಬ್ಬಿಗೆ ಸೇರಿದ ಹೊಸತರಲ್ಲಿ ಪ್ರತಿ ಗುಂಡಿಗೂ ನನ್ನ ಕಣ್ಣು ತಾನಾಗಿ ಮುಚ್ಚುತ್ತಿತ್ತು, ಗಾಜಿನ ಈಚೆ ಇದ್ದರೂ. ಊರಿನಲ್ಲಿ ಡಿಯೋನ್‌ನನ್ನು ಮಣ್ಣು ಮಾಡಿ ಬಂದ ಮೇಲೆ ಮುಚ್ಚುವುದಿಲ್ಲ. ನೌರಾ ಅಬ್ಲಾ ಗಮನಿಸಿ, ಏನಾಯಿತು ಗರ್ಟ್ರೂಡ್, ಕಿವಿ ಕೇಳುವುದಿಲ್ಲವೇ ಎಂದಳು. ಕೇಳುತ್ತದೆ ಎಂದೆ.

ನೀನು ಕೇಳಿದ್ದು ಯಾವುದು ಎಂದು, ಬೇಕೋ ಬೇಡವೋ ಎಂದಲ್ಲ. ಆದರೂ ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡು. ತುಂಬಿದ ಪಿಸ್ತೂಲಿನ ಭಾರ ಹೆಚ್ಚುಕಡಿಮೆ ಮುಕ್ಕಾಲು ಕಿಲೋ. ಮುಕ್ಕಾಲು ಕಿಲೋ ಕುಚ್ಚಲಕ್ಕಿ ತೂಗಿ ಗಟ್ಟಿ ಬಟ್ಟೆಯಲ್ಲಿ ಹೊಲಿದು ಸೊಂಟಕ್ಕೆ ಕಟ್ಟಿಕೋ. ಒಂದು ವಾರ ಅದನ್ನು ಕಟ್ಟಿಕೊಂಡೇ ಇರು. ನೀರು ಸೇದುವಾಗ, ಮಸಾಲೆ ಕಡೆಯುವಾಗ, ಸ್ಕೂಟರಿನಲ್ಲಿ ವೆನಿಸ್ಸಾಳನ್ನು ಬಿಡಲು ಹೋಗುವಾಗ, ಮೀನಿನವನು ಬಂದಾಗ. ತೆಗೆದಿಟ್ಟರೆ ಎಲ್ಲಿ ತೆಗೆದಿಟ್ಟೆ, ಏಕೆ ತೆಗೆದಿಟ್ಟೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೋ. ಸಂಜೆ ಮೊಣಕಾಲೂರುವಾಗ ಅದು ಸೊಂಟದಲ್ಲಿ ಇರುತ್ತದೆಯೋ ಎಂಬುದನ್ನು ಮುಖ್ಯವಾಗಿ ನೋಡು. ದೇವರ ಮುಂದೆ ಇದು ಬೇಡ ಎನ್ನಿಸಿ ಬಿಚ್ಚಿ ಕಪಾಟಿನಲ್ಲಿಟ್ಟರೆ ಪಿಸ್ತೂಲು ಕೊಳ್ಳಬೇಡ ಲಿಜ್ಜಿ, ಅವರು ಬಂದದ್ದು ಆ ಹೊತ್ತಿಗೆ. ವಾರವಿಡೀ ಬಿಚ್ಚದೆ ಇರಲು ಆದರೆ ದೊಡ್ಡದನ್ನು ತೆಗೆದುಕೋ, ಎಡಗಡೆಯ ಫೋಟೊದಲ್ಲಿರುವುದು. ಲೈಸೆನ್ಸ್ ಕೊಟ್ಟವರು ಹೇಳಿದ ಕಡೆಯಲ್ಲಿ ಹೊಡೆಯಲು ಕಲಿತುಕೋ, ಒಂದು ದಿನದ ತರಬೇತಿ ಸಾಕು ಎಂದುಕೊಳ್ಳಬೇಡ. ಎರಡರಲ್ಲಿ ನೀನು ಯಾವುದು ಮಾಡಿದರೂ ನಾನು ಏಕೆ ಎಂದು ಕೇಳುವುದಿಲ್ಲ.

ಈ ಪರೀಕ್ಷೆಯಲ್ಲಿ ಒಂದು ತೊಡಕಿದೆ, ನನಗೆ ಗೊತ್ತು. ಅಂದಿನಿಂದ ನಿಮ್ಮ ಮನೆಯಲ್ಲಿ ತೆರ್ಸ್ ನಿಂತಿದೆಯೆಂದು ವೆನಿಸ್ಸಾ ಹೇಳಿದಳು. ‘ದೊಡ್ಡಮ್ಮಾ, ಮಮ್ಮಿ ಏಳು ಗಂಟೆಗೇ ಲೈಟ್ ಎಲ್ಲ ಆರಿಸ್ತಾಳೆ, ಯಾರೂ ಇಲ್ಲ ಅಂತ ಕಾಣ್ಬೇಕಂತೆ’ ಎಂದಳು. ಅವಳನ್ನು ಬೈಯಬೇಡ, ನಾನೇ ಕೇಳಿದೆ.

ಅಶ್ಕರ್ ನಾಳೆ ಊರಿಗೆ ಹೊರಟಿದ್ದಾನೆ, ಕಾಗದ ಅವನ ಕೈಯಲ್ಲಿ. ಮಧ್ಯಾಹ್ನ ಬಜ್ಪೆಯಲ್ಲಿ ಇಳಿದು, ಬಾವನ ಕಾರಿನಲ್ಲಿ ಕಿನ್ನಿಗೋಳಿಗೆ ಬಂದು ನಿನಗೆ ಕೊಟ್ಟೇ ಮನೆಗೆ ಹೋಗುತ್ತಾನಂತೆ. ಹಾಲಿನ ಪುಡಿ, ಖರ್ಜೂರ, ವೆನಿಸ್ಸಾಳಿಗೆ ಬಣ್ಣದ ಪೆನ್ಸಿಲ್ ಇವೆ. ಅವನು ತಟ್ಟಿದಾಗ ಕಿಟಕಿಯಿಂದ ನೋಡು, ಹೆಸರು ಕೇಳು, ಆಮೇಲೆ ತೆರೆ. ‘ನನ್ನ ಗಡ್ಡ ನೋಡಿ ಹೆದರ್ಬೇಡಿ ಅಂತ ಬರೀರಿ ಅಕ್ಕಾ, ಪಿಸ್ತೂಲ್ ಇನ್ನೂ ತಗೊಳ್ಳಲಿಲ್ಲ ಅಲ್ವಾ’ ಎಂದು ಎರಡು ಸಲ ಕೇಳಿದ್ದಾನೆ. ಅವನಿಗೆ ಊಟ ಹಾಕದೆ ಕಳಿಸಬೇಡ.

ರೂಬೆನ್‌ಗೆ ನನ್ನ ನೆನಪು ಹೇಳು. ವೆನಿಸ್ಸಾಳ ತಲೆಯ ಮೇಲೆ ನನ್ನ ಲೆಕ್ಕದಲ್ಲಿ ಒಮ್ಮೆ ಕೈಯಿಡು. ದೇವರು ನಿಮ್ಮ ಬಾಗಿಲು ಕಾಯಲಿ.

ನಿನ್ನ ಅಕ್ಕ,
ಗರ್ಟ್ರೂಡ್

ಮರೆತದ್ದು: ಅಶ್ಕರ್ ಕೆಳಗೆ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಗದ್ದ ಎತ್ತುವುದನ್ನು ನಮಗೆ ಕಲಿಸಿದ್ದು ನಮ್ಮನ್ನು ಹೆತ್ತ ಮಾಂಯ್. ತೆರ್ಸ್ ನಡುವೆ ಮಾತಾಡದೆ ಅನ್ನ ಇಳಿಸು, ನಾಯಿಯನ್ನು ಓಡಿಸು, ಬಾಗಿಲು ತೆರೆ, ಎಲ್ಲವನ್ನೂ ಗದ್ದದಲ್ಲೇ ಹೇಳುತ್ತಿದ್ದಳು. ಅಂದು ನಿನ್ನ ಜಾಗದಲ್ಲಿ ನಾನಿದ್ದರೂ ಗದ್ದ ಎತ್ತುತ್ತಿದ್ದೆ, ಡಿಯೋನ್ ಎದ್ದು ಹೋಗುತ್ತಿದ್ದ. ಇದನ್ನು ಫೋನಿನಲ್ಲಿ ಹೇಳಲು ಆಗಲಿಲ್ಲ. ಅಶ್ಕರನ ಕೈಯಲ್ಲೇ ಅಲ್ತಾರನ್ನು ಎದುರಿನ ಗೋಡೆಗೆ, ಬಾಗಿಲಿನ ಪಕ್ಕಕ್ಕೆ ಇಡಿಸು. ಮೊಣಕಾಲೂರಿದಾಗ ನಿಮ್ಮಿಬ್ಬರಿಗೂ ಬಾಗಿಲು ಕಾಣಬೇಕು. ಚಿಲಕ ಹಾಕಿ, ಲೈಟ್ ಹಾಕಿ, ತೆರ್ಸ್ ಶುರು ಮಾಡುವಾಗ ನನಗೆ ಫೋನ್ ಹಚ್ಚಿಡು. ನಾಳೆ ಶುಕ್ರವಾರ, ನನಗೆ ಡ್ಯೂಟಿ ಇಲ್ಲ. ಅಲ್ಲಿ ಏಳೂವರೆ ಆಗುವಾಗ ಇಲ್ಲಿ ಐದು ಗಂಟೆ.