ನೋಡದ ಮೂರು ಕೆರೆ

ಮಗಳೇ,

ನನ್ನ ದೋಣಿಯ ಹುಟ್ಟುಗಳೆರಡನ್ನೂ ನೀನು ಒಯ್ದು ನಿನ್ನ ಮನೆಯ ಅಟ್ಟದ ಮೇಲೆ ಇಟ್ಟಿರುವುದು ಅಳಿಯಂದಿರ ಬಾಯಿಂದ ಗೊತ್ತಾಯಿತು. ಅವರನ್ನು ಬೈಯಬೇಡ. ಹುಟ್ಟುಗಳು ಅಲ್ಲೇ ಇರಲಿ. ಲಕ್ವ ಹೊಡೆದು ಎಡಗೈ ಬಿದ್ದುಹೋದವಳಿಗೆ ಎರಡು ಯಾಕೆ? ಬಡಗಿ ಹೊಸದೊಂದು ಮಾಡಿಕೊಟ್ಟಿದ್ದಾನೆ. ದೋಣಿಯ ಹಿಂಬದಿಗೆ ಸಿಕ್ಕಿಸಿ ಬಲಗೈಯಲ್ಲೇ ಆಡಿಸಿದರೆ ನೆಟ್ಟಗೆ ಹೋಗುತ್ತದೆ.

ಗಾಳದ ಕೋಲು ಹೇಗೆ ಹಿಡಿಯುತ್ತೀ ಅಂತ ಕೇಳುತ್ತೀಯ. ನಲವತ್ತು ವರ್ಷ ಊರವರ ಬಟ್ಟೆ ಹೊಲಿದವಳು ನಾನು. ನಿನ್ನ ಹಳೇ ಶಾಲೆಚೀಲದ ಪಟ್ಟಿಯಿಂದ ಸೊಂಟಕ್ಕೊಂದು ಜೇಬು ಹೊಲಿದುಕೊಂಡಿದ್ದೇನೆ. ಕೋಲಿನ ಬುಡ ಅದರಲ್ಲಿ ಕೂರುತ್ತದೆ, ಬಲಗೈ ರೀಲು ಸುತ್ತುತ್ತದೆ.

ಶನಿವಾರ ಬೆಳಗ್ಗೆ ದೋಣಿಯನ್ನು ಬಾಡಿಗೆ ವ್ಯಾನಿನ ಮೇಲೆ ಕಟ್ಟಿಸಿ ಹೊರಡುತ್ತೇನೆ. ಮೂರು ದಿನ, ಮೂರು ಕೆರೆ. ಒಂದನ್ನೂ ನೋಡಿಲ್ಲ. ಬಾಸ್ ಮೀನು ಎಲ್ಲಿ ಅಡಗುತ್ತದೆಂದು ಮೊದಲ ಕೆರೆಯ ಕಾವಲುಗಾರನಿಗೆ ಫೋನ್ ಮಾಡಿ ಕೇಳಿದೆ.

"ಮುಳುಗಿರೋ ಮರದ ಹತ್ರ. ಜೊತೆಗೆ ಯಾರು ಬರ್ತಾರಮ್ಮ?" ಅಂದ.

"ದೋಣಿ ಬರುತ್ತಪ್ಪಾ" ಅಂದೆ.

ನಮ್ಮ ಕೆರೆ ಇರುವಾಗ ಗುರುತಿಲ್ಲದ ಕೆರೆ ಯಾಕೆ ಅನ್ನಬೇಡ. ಇಲ್ಲಿ ದಡದಲ್ಲಿ ನಿಂತವರೆಲ್ಲ ನನ್ನ ಎಡಗೈಯನ್ನೇ ನೋಡಿ, "ಪಾಪ, ಹೇಗಿದ್ದೋಳು ಹೇಗಾದ್ಲು" ಅನ್ನುತ್ತಾರೆ. ಅಲ್ಲಿಯವರು ನಾನು ಹೇಗಿದ್ದೆನೆಂದು ಕಂಡಿಲ್ಲ.

ನನ್ನ ಲೈಫ್ ಜಾಕೆಟ್ಟೂ ನಿನ್ನ ಅಟ್ಟದಲ್ಲೇ ಇದೆ. ಅದನ್ನು ಮಾತ್ರ ಶುಕ್ರವಾರದೊಳಗೆ ಕಳಿಸು. ನೀನೇ ತರುವುದಾದರೆ ನಿನ್ನದನ್ನೂ ತಾ. ದೋಣಿಯಲ್ಲಿ ಇನ್ನೊಬ್ಬರಿಗೆ ಜಾಗ ಇದೆ, ಬುದ್ಧಿಮಾತಿಗೆ ಇಲ್ಲ.

ನಿನ್ನ ಹಟ ಯಾರಿಂದ ಬಂತೋ, ಆ
ಅಮ್ಮ