ಇಳಿಹೊತ್ತಿನಲ್ಲಿ ಕಂಡ ಮಿಂಚು

ನಮ್ಮನೆ ಯಜಮಾನರಿಗೆ ವಿಶಾಲು ಮಾಡುವ ಶರಣು,

ಒಂದೇ ಮನೆಯಲ್ಲಿದ್ದುಕೊಂಡು ಇದೆಂಥ ಕಾಗದ ಅಂತ ನಗಬೇಡಿ. ಬೋರಲು ಮಲಗಿರುವವರಿಗೆ ಏನು ಹೇಳಿದರೂ ಬೆನ್ನಿಗೆ ಹೇಳಿದ ಹಾಗಾಗುತ್ತದೆ. ತಲೆ ಎತ್ತಬೇಡಿ ಅಂತ ಡಾಕ್ಟರು ಹೇಳಿದಾಗಿನಿಂದ ನಿಮಗೆ ಕಾಣುವುದು ನೆಲವೂ ನನ್ನ ಕಾಲುಂಗುರವೂ ಅಷ್ಟೆ.

ಆ ಇಳಿಹೊತ್ತು ನೆನಪಿದೆಯೇ? ಸಂಕ್ರಾಂತಿ ಕಳೆದಿತ್ತು. ಅರಸೀಕೆರೆಯ ಆಕಾಶದಲ್ಲಿ ಹಿಡಿಯಷ್ಟು ಮೋಡವಿರಲಿಲ್ಲ. ಅಂಗಳದ ತುಂಬ ರಾಗಿ ಹರವಿತ್ತು. "ವಿಶಾಲು, ಮಿಂಚು ಹೊಡೀತೈತೆ ಕಣೇ, ರಾಗಿ ತುಂಬು ಬೇಗ!" ಅಂತ ಟಾರ್ಪಾಲು ಎಳೆದುಕೊಂಡು ಓಡಿದಿರಿ. "ಏನಣ್ಣೋ, ನಿಮ್ಮನೆ ಮೇಲೊಂದೇ ಮಳೆ ಬತ್ತೈತಾ?" ಅಂತ ಎದುರುಮನೆ ವೆಂಕಟಲಕ್ಷ್ಮಮ್ಮ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮಾರನೇ ದಿನವೂ ನಿಮಗೆ ಮಿಂಚಿತು, ಎಡಗಣ್ಣಿನ ಅಂಚಿನಲ್ಲಿ ಮಾತ್ರ. ಆಮೇಲೆ ಮಸಿ ಉದುರಿದ ಹಾಗೆ ಕಪ್ಪು ಚುಕ್ಕಿಗಳು. ಸೊಳ್ಳೆ ಅಂತ ಗಾಳಿಯಲ್ಲಿ ಕೈ ಬೀಸಿದಿರಿ. "ಪೊರೆ ಬಂದಿರ್ಬೇಕು, ಯುಗಾದಿ ಕಳೀಲಿ, ತೆಗೆಸಿದ್ರಾಯ್ತು" ಅಂದಿರಿ. ಅಬ್ಬಬ್ಬಾ, ನಿಮ್ಮ ಹಠವೇ! "ಎಡಗಡೆಯಿಂದ ಸೂರು ಇಳಿಬಿದ್ದಂಗೈತೆ" ಅಂದ ಬೆಳಿಗ್ಗೆಯೇ ನಿಮ್ಮನ್ನು ಎಳೆದುಕೊಂಡು ಹೋದೆ.

ನಮ್ಮೂರ ಕಣ್ಣಿನ ಡಾಕ್ಟರು ಹನಿ ಹಾಕಿ, ಬೆಳಕು ಬಿಟ್ಟು ನೋಡಿದರು. "ಅಮ್ಮಾ, ಇದು ಪೊರೆಯಲ್ಲ. ಕಣ್ಣಿನ ಹಿಂದಿನ ಪರದೆ ಹರಿದು ಕಳಚಿಕೊಳ್ತಾ ಇದೆ. ನನ್ನ ಕೈಲಾಗೋದಲ್ಲ, ರೆಟಿನಾ ಡಾಕ್ಟರೇ ಆಗ್ಬೇಕು. ನಾಳೆ ಅನ್ಬೇಡಿ, ಈಗ್ಲೇ ಹೊರಡಿ" ಅಂದರು. ನನ್ನ ತಮ್ಮ ಇಂದ್ರೇಶನ ಕಾರಿನಲ್ಲಿ ಹಾಸನದ ದಾರಿ ಹಿಡಿದಾಗ ನೀವು ಕೇಳಿದ್ದು ಒಂದೇ ಮಾತು: "ರಾಗಿ ತುಂಬಿದ್ಯಾ?"

ಆಪರೇಷನ್ ಆಯಿತು. ಪರದೆ ಅಂಟಿಕೊಳ್ಳಲಿ ಅಂತ ಕಣ್ಣೊಳಗೆ ಗಾಳಿಯ ಗುಳ್ಳೆ ಬಿಟ್ಟಿದ್ದಾರಂತೆ, ಅದು ಪರದೆಗೆ ಒತ್ತಿಕೊಂಡಿರಲಿ ಅಂತಲೇ ನಿಮ್ಮನ್ನು ಬೋರಲು ಮಲಗಿಸಿರುವುದಂತೆ. ಬೇಸಿಗೆಯ ಕೆರೆಯ ಹಾಗೆ ಅದು ದಿನಾ ಇಷ್ಟಿಷ್ಟೇ ಇಳಿಯುತ್ತದಂತೆ, ಮೇಲುಗಡೆಯಿಂದ ಬೆಳಕು ಕಾಣುತ್ತಾ ಬರುತ್ತದಂತೆ. ಎಷ್ಟು ಕಂಡೀತು ಅಂತ ಮಾತ್ರ ಯಾರೂ ಹೇಳಲಿಲ್ಲ. ನನಗೆ ಭಯವಾಗಿದೆ ಕಣ್ರೀ.

ಮಧ್ಯಾಹ್ನ ನಿಮ್ಮ ಪಕ್ಕ ಕೂತು ಜೊಂಪು ಹತ್ತಿದರೆ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯೇ ಕಣ್ಮುಂದೆ. ನೀವು ಹೆಣ್ಣು ನೋಡಲು ಬಂದಾಗ ಹಿರಿಯರು ನಮ್ಮನ್ನು ಹಳೇಬೀಡು ಸುತ್ತಿಸಿದರಲ್ಲ, ಆಗ ಬಸ್ತಿಹಳ್ಳಿಯ ಬಸದಿಯ ಕನ್ನಡಿಯಂಥ ಕಂಬಗಳ ನಡುವೆ ನಾನು ಕಿಸಕ್ಕನೆ ನಕ್ಕಿದ್ದೆ. ಯಾಕೆ ಅಂತ ಇವತ್ತಿಗೂ ಪೀಡಿಸುತ್ತೀರಿ, ನಾನು ಬಾಯಿ ಬಿಟ್ಟಿಲ್ಲ. ಕನಸಿನಲ್ಲಿ ಆ ಕಂಬಗಳು ನೀರಿನ ಹಾಗೆ ಅಲ್ಲಾಡುತ್ತವೆ. ನೀವು ನನ್ನನ್ನು ಹುಡುಕುತ್ತಾ ಕಂಬದಿಂದ ಕಂಬಕ್ಕೆ ಹೋಗುತ್ತೀರಿ. ನಿಮ್ಮ ಎಡಗಡೆಗೇ ನಿಂತಿರುವ ನಾನು ನಿಮಗೆ ಕಾಣುವುದೇ ಇಲ್ಲ.

ಅದಕ್ಕೇ ಈ ಕಾಗದ. ಇಲ್ಲಿಯವರೆಗಿನದು ದಪ್ಪ ಅಕ್ಷರ, ಯಾರ ಕೈಲಾದರೂ ಓದಿಸಿಕೊಳ್ಳಿ. ನನ್ನ ಹೆಸರಿನ ಕೆಳಗಿರುವುದು ಸಣ್ಣ ಅಕ್ಷರ. ಅದನ್ನು ಗುಳ್ಳೆ ಪೂರ್ತಿ ಇಳಿದ ಮೇಲೆ ಬಲಗಣ್ಣು ಮುಚ್ಚಿ, ಎಡಗಣ್ಣಲ್ಲೇ ಓದಬೇಕು. ಮೋಸ ಮಾಡಿದರೆ ನನಗೆ ಗೊತ್ತಾಗುತ್ತದೆ! ಕಾಣದಿದ್ದರೆ ಮಡಿಸಿಟ್ಟು ಇನ್ನೊಂದು ತಿಂಗಳು ಬಿಟ್ಟು ನೋಡಿ. ಎಂದಿಗೂ ಕಾಣದೇ ಹೋದರೆ ಇನ್ನುಮೇಲೆ ನಿಮ್ಮ ಎಡಗಡೆಗೆ ನಾನು ನಡೆಯುತ್ತೇನೆ, ಅಷ್ಟೇ ತಾನೆ.

ಗುರು ಕಾಯಲಿ, ಆ ಕಣ್ಣು ತುಂಬ ಬೆಳಕಾಗಲಿ.

ನಿಮ್ಮ
ವಿಶಾಲು

ಕಂಬದಲ್ಲಿ ನಿಮ್ಮ ಮುಖ ಪಡವಲಕಾಯಿಯಷ್ಟು ಉದ್ದಕ್ಕಿತ್ತು ಕಣ್ರೀ, ಅದಕ್ಕೇ ನಕ್ಕೆ. ತಿರುಗಿ ನೋಡಿದರೆ ನೀವೂ ನನ್ನನ್ನು ನೋಡಿ ನಗುತ್ತಿದ್ದಿರಿ. ಮನೆಯಲ್ಲಿ ಕೇಳುವ ಮೊದಲೇ, ಅಲ್ಲೇ ಒಪ್ಪಿಬಿಟ್ಟಿದ್ದೆ.